ರಾತ್ರಿಗೊಂದು ರೂಪಾಯಿ

ಮುದಗಲ್ಲು, ಕಾಟಿ ದರ್ವಾಜದ ಹಿಂದಿನ ಓಣಿ.
ಹಿತ್ತಲ ಬಾಗಿಲಿಂದ ಅದನ್ನು ಎತ್ತಿ ತಂದು
ಅಮರಮ್ಮ ಗೋಣಿಚೀಲದ ಮೇಲೆ ಮಲಗಿಸಿದಳು,
ಒನಕೆ ಮಲಗಿಸಿದ ಹಾಗೆ.
‘ನೋಡ್ರಿ. ನೋಡಿದ್ದಕ್ಕ ರೊಕ್ಕ ಕೇಳಂಗಿಲ್ಲ.’

ನಾನು ರಾಯಚೂರಿನ ತೀನ್ ಕಂದೀಲಿನವ.
ಬೀಗ, ಗಡಿಯಾರ, ತಕ್ಕಡಿ ರಿಪೇರಿ ಹೊಟ್ಟೆಗೆ;
ಹಳೆಯ ಕಬ್ಬಿಣ ಹುಚ್ಚಿಗೆ.
ಖಾಜಾ ಮೇಸ್ತ್ರಿ ಕಲಿಸಿದ ಮೊದಲ ಪಾಠ:
ಮಾಲು ಕಂಡ ಕೂಡಲೆ ಮುಖಕ್ಕೆ ಪರದೆ ಎಳಕೋ.
ಎಳಕೊಂಡೆ.

ಬಲ ಮಗ್ಗುಲಲ್ಲಿ ಕಿರೀಟ, ಅದರಡಿ ರಾಣಿಯ ಎರಡಕ್ಷರ,
ಎನ್‌ಫೀಲ್ಡ್, ಸಾವಿರದೆಂಟುನೂರಾ ಎಪ್ಪತ್ತೇಳು.
ಹೆಬ್ಬೆರಳಿಗೆ ಉಗುಳು ಹಚ್ಚಿ ಒರೆಸಿದೆ.
ತಿದ್ದಿದ ಅಂಕಿಯಲ್ಲ, ಅಚ್ಚು ಅಸಲಿ.
ಮನಸ್ಸಿನ ಪಟ್ಟಿಯಲ್ಲಿ ಅರವತ್ತು ಸಾವಿರ ಬರೆದು
ಕಳೆಯಲು ಕೂತೆ.

ಕೆಳಗಿನ ಹಿಡಿ ಜಗ್ಗಿದರೆ ಮೊದಲು ಮುನಿಸು,
ಆಮೇಲೆ ಕಟ್ ಅಂತ ಬಾಯಿ ಬಿಟ್ಟಿತು.
ಬಾಯೊಳಗೆ ಬಸ್ ಟಿಕೇಟಿನ ಬಿಳಿ ಮಗ್ಗುಲು ಇಟ್ಟು
ನಳಿಗೆಯ ಈ ತುದಿಗೆ ಕಣ್ಣು ಹಚ್ಚಿದೆ:
ಏಳು ಗೆರೆಗಳು ಸುರುಳಿ ಸುತ್ತುತ್ತ
ಬೆಳಕಿನ ಕಡೆ ಹೊರಟಿದ್ದವು,
ನಡುನಡುವೆ ತುಕ್ಕಿನ ಮೈಲಿಕಲೆ. ಹತ್ತು ಕಳೆ.
ಹೊಡೆಯುವ ಮುಳ್ಳೇ ಇಲ್ಲ. ಎಂಟು ಕಳೆ.
ಹಿಂಗಟ್ಟಿಗೆ ಸೀಮೆಯದಲ್ಲ,
ಊರ ಬಡಿಗೇರ ಜಾಲಿಯಲ್ಲಿ ಕೆತ್ತಿದ್ದು,
ನೇಗಿಲ ಮೇಣಿಯ ನೆನಪು ಅವನ ಕೈ ಬಿಟ್ಟಿಲ್ಲ.
ಇನ್ನೂ ಹತ್ತು.
ಉರ್ದು ಮೊಹರಿನ ಲೈಸೆನ್ಸು ಡಬ್ಬಿಯಿಂದ ಬಂತು,
ಮಡಿಕೆಗಳಲ್ಲಿ ಹರಿದು, ಆದರೆ ನಂಬರು ಕೂಡುತ್ತದೆ.
ಕಾಗದವಿದ್ದ ಮಾಲಿಗೆ ಕಾಲು ಬರುತ್ತವೆ. ಹತ್ತು ಕೂಡಿಸು.

ಸಿಗದೆ ಹೋದದ್ದು ಒಂದೇ:
ನಳಿಗೆಯ ಮೇಲೆ ಒಂದು, ಹಿಂಗಟ್ಟಿಗೆ ಮೇಲೊಂದು,
ಬೆಳ್ಳಿಯ ಕಡಗದಂಥ ಎರಡು ಸವಕಲು ಪಟ್ಟೆ.
ಯಾವ ಸಿಪಾಯಿಯ ಕೈಯೂ ಅಲ್ಲಿ ಕೂರುವುದಿಲ್ಲ.

‘ರಜಾಕಾರರ ಗದ್ದಲದಾಗ ನಮ್ಮ ಮಾವ ತಂದಿದ್ದು.
ಒಂದು ಗುಂಡೂ ಹಾರಲಿಲ್ರಿ.
ಗುಂಡು ಇದ್ದರಲ್ಲ?
ಪೊಲೀಸ್ ಆಕ್ಷನ್ ಆದಮ್ಯಾಲ ಮುಳ್ಳು ಕಿತ್ತು ವಾಪಸ್ ಕೊಟ್ರು.
ಅವತ್ತಿಂದ ಹಿತ್ತಲ ಬಾಗಲಕ್ಕ ಇದೇ ಅಗಳಿ.’

ಎದ್ದು ಹೋಗಿ ನೋಡಿದೆ.
ಎರಡೂ ಕಡೆ ಗೋಡೆಯ ಕಲ್ಲಲ್ಲಿ ತೂತು,
ಒಳಗೆ ಬೆರಳಿಟ್ಟರೆ ಎಣ್ಣೆ ಸವರಿದಷ್ಟು ನುಣುಪು.
ಪಟ್ಟೆಗಳನ್ನು ಕಳೆಯಲೋ ಕೂಡಿಸಲೋ ತಿಳಿಯಲಿಲ್ಲ.
ಖಾಜಾ ಮೇಸ್ತ್ರಿಯ ಲೆಕ್ಕದಲ್ಲಿ ಅದಕ್ಕೆ ಮನೆಯಿಲ್ಲ.

ಅಂಗಿಯ ಜೇಬಲ್ಲಿ ಬರುವಾಗಲೇ ಮಡಿಚಿಟ್ಟ ಚೀಟಿ:
ಇಪ್ಪತ್ತೆರಡು ಸಾವಿರ. ಮಾಲು ಕಾಣುವ ಮೊದಲೇ ಬರೆದದ್ದು.
ತೆಗೆಯಬೇಕು ಅನ್ನುವಷ್ಟರಲ್ಲಿ
ಮಗಳು ಶಂಕ್ರಮ್ಮ ಹೊಲಿಗೆ ಮಷೀನು ಬಿಟ್ಟೆದ್ದು
ಕೊರಳ ಟೇಪು ಹಿಡಿದು ಬಂದೂಕು ಅಳೆದಳು.
‘ನಲವತ್ತೊಂಬತ್ತು ಇಂಚು. ನನ್ನ ಅಂಗಡಿ ಬಾಗಲಾ ಆಗ್ತದ ಅದು,
ನಾಳಿಂದ ಶಟರು. ಇದಕ್ಕ ಕೆಲಸಿಲ್ಲ.’

‘ಕೆಲಸ ಮಾಡಿದ್ದಕ್ಕ ಕೂಲಿ ಬ್ಯಾಡೇನು?’ ಅಂದಳು ಅಮರಮ್ಮ.
‘ರಾತ್ರಿಗೊಂದು ರೂಪಾಯಿ ಹಾಕ್ರಿ.’

ಬಟ್ಟೆಗೆ ಗೆರೆ ಹಾಕುವ ಸೀಮೆಸುಣ್ಣದಲ್ಲಿ
ಶಂಕ್ರಮ್ಮ ಕಡಪಾ ಕಲ್ಲಿನ ಮೇಲೆ ಗುಣಿಸಿದಳು.
ಎಪ್ಪತ್ತಾರು ವರ್ಷ, ಮುನ್ನೂರ ಅರವತ್ತೈದು.
ತಡೆದು, ಫೆಬ್ರವರಿಯ ಹೆಚ್ಚಿನ ದಿನ ಹತ್ತೊಂಬತ್ತು ಕೂಡಿಸಿದಳು.
ಇಪ್ಪತ್ತೇಳು ಸಾವಿರದ ಏಳುನೂರ ಐವತ್ತೊಂಬತ್ತು.

ಚೌಕಾಶಿಗೆ ಬಾಯಿ ಬರಲಿಲ್ಲ.
ಹೈದರಾಬಾದಿನ ಶೌಕೀನರು ಬೆಳಗಾಗುವುದರೊಳಗೆ
ನಲವತ್ತೆರಡು ಎಣಿಸಿಯಾರು, ಗೊತ್ತು.
‘ಇದು ಅದಕ್ಕಿಂತ ಹೆಚ್ಚು ಬಾಳುತ್ತದಮ್ಮ’ ಅಂದೆ.
ಎಷ್ಟು ಹೆಚ್ಚು ಅನ್ನಲಿಲ್ಲ.
ಅವಳೂ ಕೇಳಲಿಲ್ಲ, ನನ್ನ ಮುಖವನ್ನೇ ನೋಡುತ್ತಿದ್ದಳು,
ಪರದೆ ಎಲ್ಲಿ ಹರಿದಿದೆಯೆಂದು.

‘ಶಟರಿನವ ನಾಳೆ ಬರ್ತಾನ. ಇವತ್ತೊಂದಿನ ಇಲ್ಲೇ ಇರಲಿ.’

ಬಸ್ ನಿಲ್ದಾಣದೆದುರಿನ ಲಾಡ್ಜಿನಲ್ಲಿ
ಚಿಲಕ ಹಾಕಿದೆ, ನಿದ್ದೆ ಹತ್ತಲಿಲ್ಲ.
ರೊಕ್ಕ ಎಣಿಸಿ ಇಟ್ಟುಕೊಂಡೆ,
ಒಂದು ರೂಪಾಯಿ ಹೆಚ್ಚಿಗೆ.